ಅಪ್ಪನ ಅಂಬಾಸಿಡರ್, ಅವ್ವನ ಬಂಗಾರ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ವಾಣಿಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಭಾಷಣಕ್ಕಿಂತ ಲೆಕ್ಕವೇ ನನಗೆ ಹಗುರ. ಹಾಗಾಗಿ ಒಂದು ಕಾರಿನ ಲೆಕ್ಕ ಹೇಳುತ್ತೇನೆ.

ಶಕ್ತಿನಗರದಲ್ಲಿ ಥರ್ಮಲ್ ಕೆಲಸ ಭರದಿಂದ ನಡೆದಿದ್ದ 1984ರಲ್ಲಿ ಅಪ್ಪ ರಾಯಚೂರಿನಿಂದ ಒಂದು ಹಳೆಯ ಅಂಬಾಸಿಡರ್ ತಂದರು. ಬಾಡಿಗೆಗೆ ಓಡಿಸುವ ಆಸೆ. ಬೆಲೆ 35 ಸಾವಿರ. ಜೋಡೆತ್ತು ಹೋದವು, ಸಾಹುಕಾರರ ಸಾಲ ಬಂತು, ಸಾಲದ್ದಕ್ಕೆ ಅವ್ವ ತನ್ನ 50 ಗ್ರಾಂ ಬಂಗಾರ ಕೊಟ್ಟಳು. ಅದಕ್ಕೆ ಬಂದದ್ದು ಹತ್ತಿರ ಹತ್ತಿರ 10 ಸಾವಿರ. ಮುಂದೆ ಅಪ್ಪ ಯಾವಾಗಲೂ ಹೇಳುತ್ತಿದ್ದ ಮಾತು: "ಏನು ಮಹಾ, ಮೂವತ್ತೈದು ಸಾವಿರದ ಗಾಡಿ!" ನಾವೂ ಅದನ್ನು ಅಗ್ಗದ ಮಾಲು ಎಂದೇ ನಂಬಿದ್ದೆವು.

ರೂಪಾಯಿ ಎಂಬ ಹೆಸರು ಒಂದೇ ಇದ್ದರೂ ಅಂದಿನದು ಬೇರೆ, ಇಂದಿನದು ಬೇರೆ. ಇದನ್ನು ಅಳೆಯಲು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಇದೆ. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆ ಏರುವುದು ಇದರ ಮೇಲೆಯೇ. ತೊಡಕೆಂದರೆ ಅದರ ಮೂಲ ವರ್ಷ ಬದಲಾಗುತ್ತಾ ಬಂದಿದೆ: 1982, 2001, 2016. ಇಂದಿನ ಅಂಕಿಯನ್ನು 2.88ರಿಂದ, ಬಂದದ್ದನ್ನು 4.63ರಿಂದ ಗುಣಿಸಿದರೆ 1982ರ ಅಳತೆಗೆ ಇಳಿಯುತ್ತದೆ. 2024ರಲ್ಲಿ ಸೂಚ್ಯಂಕ ಸುಮಾರು 140 ಇತ್ತು. ಗುಣಿಸಿ ನೋಡಿ, 1,860 ದಾಟುತ್ತದೆ. 1984ರಲ್ಲಿ ಅದೇ ಅಳತೆಯಲ್ಲಿ ಇದ್ದದ್ದು 120ರ ಆಸುಪಾಸು. ಅಂದರೆ ಬೆಲೆಗಳು ಸುಮಾರು 16 ಪಟ್ಟು ಆಗಿವೆ.

ಅಪ್ಪನ ಹಳೆಯ ಗಾಡಿ 2024ರ ಹಣದಲ್ಲಿ 5 ಲಕ್ಷ 60 ಸಾವಿರ! ಅದೂ ಹಳೆಯದು, ಮಳೆಗಾಲದಲ್ಲಿ ನಾವೇ ಇಳಿದು ನೂಕಬೇಕಾಗಿದ್ದದ್ದು.

ಹೊಸ ಕಾರಿನ ಕಥೆಯೂ ಕೇಳಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಕೊಟ್ಟಾಗ ಅದರ ಬೆಲೆ ಸುಮಾರು 47,500. 2024ರ ಹಣದಲ್ಲಿ ಎಂಟು ಲಕ್ಷದ ಹತ್ತಿರ. ಅದೇ ಮಾರುತಿಯ ಆಲ್ಟೊ 2024ರಲ್ಲಿ ಸುಮಾರು 4 ಲಕ್ಷಕ್ಕೆ ಸಿಗುತ್ತಿತ್ತು. ಜನರ ಕಾರು ಎಂದು ಕರೆದದ್ದು ಆಗ ಎಷ್ಟು ಜನರ ಕಾರಾಗಿತ್ತೋ ನೀವೇ ಹೇಳಿ. ಅಂಬಾಸಿಡರ್ ಅಂತೂ 2014ರಲ್ಲಿ ಉತ್ತರಪಾರಾ ಕಾರ್ಖಾನೆಯಲ್ಲಿ ನಿಂತೇಹೋಯಿತು. ನಮ್ಮದು ಅದಕ್ಕೂ ಮುಂಚೆಯೇ ಗುಜರಿಗೆ ಹೋಗಿತ್ತು.

ಹೋದ ವರ್ಷ ಈ ಲೆಕ್ಕವನ್ನು ಅವ್ವನ ಮುಂದಿಟ್ಟೆ. "ಅವ್ವ, ನೀನು ಕೊಟ್ಟ 10 ಸಾವಿರ ಈಗಿನ 1 ಲಕ್ಷ 60 ಸಾವಿರಕ್ಕೆ ಸಮ" ಎಂದೆ. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ರೊಕ್ಕ ಎಲ್ಲಿ ಕೊಟ್ಟೀನಿ? ಬಂಗಾರ ಕೊಟ್ಟೀನಿ. ಬಂಗಾರದ ಲೆಕ್ಕ ಹೇಳು" ಅಂದಳು.

ಹೇಳಿದೆ. 2024ರ ಧಾರಣೆಯಲ್ಲಿ ಆ 50 ಗ್ರಾಂ ಮೂರೂವರೆ ಲಕ್ಷದಷ್ಟು. ಸೂಚ್ಯಂಕದ ಲೆಕ್ಕಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ನನ್ನ ಮೂವತ್ತು ವರ್ಷದ ಪಾಠ ಆಕೆಯ ಮುಂದೆ ಸೋತಿತ್ತು.

ಅಪ್ಪ ಈಗಿಲ್ಲ. ಗೋಡೆಯ ಮೇಲಿನ ಅವರ ಫೋಟೊದ ಕಡೆ ತಿರುಗಿ ಅವ್ವ ಅಂದಳು: "ಕೇಳಿದ್ರೇನು? ಮೂರೂವರಿ ಲಕ್ಷ. ಇನ್ನ ಬಡ್ಡಿ ಹಿಡದಿಲ್ಲ."