ಬ್ರಸೆಲ್ಸ್‌ನ ಕಾನೂನು, ಕಾಫಿ ಬೆಳೆಗಾರನ ಪಹಣಿ



2014ರ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವಿಗೆ ಬಾಗಿಲು ಹಾಕಿತು. ಬದನೆ, ಕೆಸು, ಹಾಗಲ, ಪಡವಲಕ್ಕೂ ಅದೇ ಗತಿಯಾಯಿತು. ಅದರ ಹಿಂದಿನ ವರ್ಷ ಇಲ್ಲಿಂದ ಹೋದ 207 ರವಾನೆಗಳಲ್ಲಿ ಹಣ್ಣುನೊಣ ಮೊದಲಾದ ಕೀಟಗಳು ಸಿಕ್ಕಿದ್ದವು. ಆಪೂಸ್ ಹಣ್ಣಿನ ಸುಗ್ಗಿಯ ನಡುವೆಯೇ ಬಿದ್ದ ಪೆಟ್ಟದು. ಯುರೋಪಿಗೆ ಹೋಗುವ ಹಣ್ಣು–ತರಕಾರಿ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾದ ಮಾನ್ಯತೆ ಪಡೆದ ಪ್ಯಾಕ್‌ಹೌಸ್‌ಗಳಲ್ಲೇ ತಪಾಸಣೆಯಾಗಿ ಹೊರಡಬೇಕೆಂದು ದೆಹಲಿ ಕಟ್ಟುನಿಟ್ಟು ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುರೋಪಿನ ತಪಾಸಕರು ಬಂದು ಕಣ್ಣಾರೆ ನೋಡಿ ಹೋದರು. 2015ರ ಜನವರಿಯಲ್ಲಿ ಮಾವಿನ ಮೇಲಿನ ನಿಷೇಧ ತೆರವಾಯಿತು. ರೈತನ ಪಾಲಿಗೆ ರಾಜತಾಂತ್ರಿಕತೆ ಅಂದರೆ ಇದೇ.

ಭಾರತ–ಐರೋಪ್ಯ ಒಕ್ಕೂಟದ ಶಿಖರ ಸಭೆಗಳ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1962ರಲ್ಲಿ ಭಾರತ ಅಂದಿನ ಐರೋಪ್ಯ ಆರ್ಥಿಕ ಸಮುದಾಯದೊಂದಿಗೆ ಸಂಬಂಧ ಬೆಳೆಸಿತು. 2000ದಲ್ಲಿ ಲಿಸ್ಬನ್‌ನಲ್ಲಿ ಮೊದಲ ಶಿಖರ ಸಭೆ, 2004ರಲ್ಲಿ ಕಾರ್ಯತಂತ್ರದ ಸಹಭಾಗಿತ್ವ. ಮುಕ್ತ ವ್ಯಾಪಾರದ ಮಾತುಕತೆ ಮಾತ್ರ ಎಲ್ಲರ ತಾಳ್ಮೆ ಪರೀಕ್ಷಿಸಿತು: 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಕುದುರಿ, 2026ರ ಜನವರಿ 27ರಂದು ದೆಹಲಿಯಲ್ಲಿ ಮುಗಿಯಿತು. ಸಹಿ, ಐರೋಪ್ಯ ಸಂಸತ್ತಿನ ಒಪ್ಪಿಗೆ ಇವೆಲ್ಲ ಅದರ ನಂತರದ ಮೆಟ್ಟಿಲುಗಳು.

ಇಲ್ಲೊಂದು ಸಂಗತಿಯನ್ನು ಬೆಳೆಗಾರರು ಮನದಟ್ಟು ಮಾಡಿಕೊಳ್ಳಬೇಕು. ನಮ್ಮ ಕಾಫಿಯನ್ನು ಹೆಚ್ಚಾಗಿ ಕೊಳ್ಳುವುದು ಇಟಲಿ. ಆದರೆ ರೋಮ್ ಸರ್ಕಾರದ ಬಾಗಿಲು ತಟ್ಟಿದರೆ ಕೆಲಸವಾಗದು. 27 ದೇಶಗಳ ಪರವಾಗಿ ವ್ಯಾಪಾರದ ಮಾತನ್ನಾಡುವ ಅಧಿಕಾರ ಇರುವುದು ಬ್ರಸೆಲ್ಸ್‌ನ ಐರೋಪ್ಯ ಆಯೋಗಕ್ಕೆ. ಕಾನೂನಿನ ಕರಡು ಹುಟ್ಟುವುದೂ ಅಲ್ಲೇ. ಕರಡಿನ ಹಂತದಲ್ಲಿ ಮಾತಾಡದವರು ಕಾನೂನಾದ ಮೇಲೆ ವಿನಾಯಿತಿ ಬೇಡುತ್ತ ನಿಲ್ಲಬೇಕಾಗುತ್ತದೆ.

ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮದಲ್ಲಿ ಆದದ್ದು ಹಾಗೆಯೇ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಈ ಕಾನೂನು ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ಮರ, ದನ ಎಂಬ ಏಳು ಸರಕುಗಳಿಗೆ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದದ್ದಕ್ಕೆ ಯುರೋಪಿನ ಮಾರುಕಟ್ಟೆಯಿಲ್ಲ. ಉದ್ದೇಶದಲ್ಲಿ ತಕರಾರೇನೂ ಇಲ್ಲ; ಕಾಡು ಉಳಿದರೆ ಮೊದಲ ಲಾಭ ಮಲೆನಾಡಿಗೇ. ತೊಡಕಿರುವುದು ಪುರಾವೆಯಲ್ಲಿ. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಅದರ ಗಡಿರೇಖೆಯನ್ನೇ ಕೊಡಬೇಕು, ಚಿಕ್ಕದಾದರೆ ಅಕ್ಷಾಂಶ–ರೇಖಾಂಶದ ಒಂದು ಬಿಂದು ಸಾಕು. ದಶಾಂಶದ ಆರು ಸ್ಥಾನದವರೆಗೂ ಅದು ಕರಾರುವಾಕ್ಕಾಗಿರಬೇಕು.

ಮಡಿಕೇರಿಯ ಸುತ್ತಲಿನ ಯಾವುದೇ ತೋಟಕ್ಕೆ ಹೋಗಿ ನೋಡಿ. ತಲೆಯ ಮೇಲೆ ಸಿಲ್ವರ್ ಓಕ್, ಹಾಲುವಾಣ, ಹಲಸು. ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅದರ ಕೆಳಗೆ ಕಾಫಿ. ಮೇಲಿಂದ ನೋಡುವ ಉಪಗ್ರಹಕ್ಕೆ ಇದು ಕಾಡಿನಂತೆಯೇ ಕಾಣಬಹುದು. ಮಳೆಗಾಲಕ್ಕೆ ಮುಂಚೆ ನೆರಳುಮರಗಳ ಕೊಂಬೆ ಸವರಿ ಮರಗಸಿ ಮಾಡಿದರೆ ಕಾಡು ಬೋಳಾದಂತೆ ತೋರುವ ಅಪಾಯವೂ ಉಂಟು. ಕೃಷಿಭೂಮಿಯನ್ನು ಈ ನಿಯಮವೇ ಅರಣ್ಯದ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ನಿಜ. ಆದರೆ ನಕ್ಷೆಗೂ ನೆಲಕ್ಕೂ ವ್ಯತ್ಯಾಸ ಬಂದಾಗ ಅದನ್ನು ಎತ್ತಿ ತೋರಿಸಬೇಕಾದವರು ನಮ್ಮ ತಜ್ಞರು, ಅದೂ ಬ್ರಸೆಲ್ಸ್‌ನ ಮೇಜಿನ ಮುಂದೆ.

ಇನ್ನೊಂದು ತೊಡಕು ನಮ್ಮ ಮನೆಯೊಳಗಿನದು. ಬೆಳೆ ಸ್ಥಳೀಯ ಕಾನೂನಿಗೆ ಅನುಗುಣವಾಗಿರಬೇಕು, ಭೂಮಿಯ ಹಕ್ಕೂ ಸರಿಯಿರಬೇಕು ಎನ್ನುತ್ತದೆ ನಿಯಮ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಗಳ ದಾಖಲೆ ಎಷ್ಟೋ ಕಡೆ ಇಂದಿಗೂ ಎಂದೋ ತೀರಿಹೋದ ಪಟ್ಟೇದಾರನ ಹೆಸರಿನಲ್ಲಿದೆ. ಚಿಕ್ಕಮಗಳೂರು, ಹಾಸನದಲ್ಲಿ ಪೋಡಿಯಾಗದ ಜಂಟಿ ಪಹಣಿಗಳಿವೆ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು, ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ದೊಡ್ಡ ಎಸ್ಟೇಟಿನವರು ಸರ್ವೆಯರನ್ನು ಕರೆಸಿ ನಕ್ಷೆ ಮಾಡಿಸಿಕೊಳ್ಳುತ್ತಾರೆ. ಎರಡು ಎಕರೆಯವನು ತಾಲ್ಲೂಕು ಕಚೇರಿಗೆ ಅಲೆಯುತ್ತಾನೆ. ಅವನ ಚೀಲದ ಕಾಫಿಗೆ ಪುರಾವೆಯಿಲ್ಲವೆಂದು ವ್ಯಾಪಾರಿ ಬೆಲೆ ಮುರಿದರೆ ಯಾವ ಒಪ್ಪಂದವೂ ಅವನ ನೆರವಿಗೆ ಬಾರದು.

ಸಮಾಧಾನಕ್ಕೆ ಕಾರಣಗಳೂ ಇವೆ. 2025ರ ಮೇ ತಿಂಗಳಲ್ಲಿ ಆಯೋಗ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿತು. ಇದರಿಂದ ತಪಾಸಣೆಯ ಹೊರೆ ತಗ್ಗುತ್ತದೆ. ನಿಯಮ ಪಾಲನೆಗೆ 2024ರ ಡಿಸೆಂಬರಿಗೆ ಇದ್ದ ಗಡುವು ಎರಡು ಬಾರಿ ಮುಂದಕ್ಕೆ ಹೋಗಿ 2026ರ ಡಿಸೆಂಬರ್ 30ಕ್ಕೆ ನಿಂತಿತು. ಸಣ್ಣ ಉದ್ದಿಮೆಗಳಿಗೆ ಇನ್ನೂ ಆರು ತಿಂಗಳು ಹೆಚ್ಚು. ತಯಾರಿಯಾಗಿಲ್ಲವೆಂದು ಯುರೋಪಿನೊಳಗಿನ ಉದ್ದಿಮೆಗಳೇ ಕೂಗೆಬ್ಬಿಸಿದ್ದರಿಂದ ಸಿಕ್ಕ ಕಾಲಾವಕಾಶವಿದು. ಇದನ್ನು ನಮ್ಮ ಗೆಲುವೆಂದು ಬಗೆದು ಕೈಕಟ್ಟಿ ಕೂರುವಂತಿಲ್ಲ.

ಆದ್ದರಿಂದ ಈ ಸಮ್ಮೇಳನ ಎರಡು ನಿರ್ಣಯಗಳನ್ನು ಕೈಗೊಳ್ಳಲಿ. ಮೊದಲನೆಯದು ಬೆಂಗಳೂರಿಗೆ: ಕಂದಾಯ ಇಲಾಖೆ ಮೂರು ಕಾಫಿ ಜಿಲ್ಲೆಗಳಲ್ಲಿ ಪೋಡಿ ಹಾಗೂ ಪಟ್ಟೇದಾರರ ದಾಖಲೆ ತಿದ್ದುಪಡಿಗೆ ಹೋಬಳಿ ಮಟ್ಟದಲ್ಲೇ ಅದಾಲತ್ ನಡೆಸಲಿ, ಕಾಫಿ ಮಂಡಳಿಯ ಸಿಬ್ಬಂದಿ ಅಲ್ಲೇ ಕುಳಿತು ತೋಟಗಳ ಸ್ಥಳ ನೋಂದಣಿ ಮುಗಿಸಲಿ. ಎರಡನೆಯದು ದೆಹಲಿಗೆ. ಬ್ರಸೆಲ್ಸ್‌ನಲ್ಲಿರುವ ನಮ್ಮ ರಾಯಭಾರಿ ಬೆಲ್ಜಿಯಂ, ಲಕ್ಸೆಂಬರ್ಗ್ ಮತ್ತು ಐರೋಪ್ಯ ಒಕ್ಕೂಟ ಮೂರನ್ನೂ ನೋಡಿಕೊಳ್ಳಬೇಕು. ಹಾಗಾಗಿ ಅವರ ಕಚೇರಿಯಲ್ಲಿ ತೋಟದ ಬೆಳೆ ಬಲ್ಲ ಒಬ್ಬ ತಜ್ಞ ಕಾಯಂ ಆಗಿ ಇರಲಿ. ಕರಡು ಹೊರಬಿದ್ದ ವಾರವೇ ಅದರ ಸಾರ ಬೆಳೆಗಾರರ ಸಂಘಗಳಿಗೆ ಕನ್ನಡದಲ್ಲಿ ತಲುಪಲಿ. ನಿರ್ಣಯದ ಪ್ರತಿಗಳು ಮಧ್ಯಾಹ್ನದ ಗೋಷ್ಠಿಯಲ್ಲಿ ಚರ್ಚೆಗೆ ಬರಲಿವೆ. ಸಣ್ಣ ಹಿಡುವಳಿದಾರರು ಮೊದಲು ಮಾತಾಡಬೇಕೆಂದು ಅಧ್ಯಕ್ಷ ಪೀಠದ ವಿನಂತಿ.