ಉಳಿಸಿದ ಹಣ ಎಲ್ಲಿದೆ?

(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಮತ್ತು ಸಂಗಾತಿಗಳ ಮೇಲೂ ಶಾಂತಿ, ಅನುಗ್ರಹಗಳಿರಲಿ.



ಇತ್ತೀಚೆಗೆ ನಮಾಝ್ ಮುಗಿದ ಮೇಲೆ ಕೆಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದಾರೆ. "ಉಸ್ತಾದ್, ಮೊಬೈಲಿನಲ್ಲಿ ಸಾಮಾನು ಮಾರುವ ಕಂಪೆನಿಗಳು ಈಗ ತಮ್ಮದೇ ಹೆಸರಿನ ಬೇಳೆ, ಸಾಬೂನು, ಬೆಡ್‌ಶೀಟ್ ಎಲ್ಲ ತಂದಿವೆ. ದೊಡ್ಡ ಬ್ರಾಂಡ್‌ಗಿಂತ ಅಗ್ಗ. ಅದನ್ನು ತರಿಸಿದರೆ ನಿಜವಾಗಿ ಉಳಿಯುತ್ತದೆಯೇ?" ಬಾಡಿಗೆ, ಶಾಲೆಯ ಫೀಸು, ಗ್ಯಾಸು, ಔಷಧಿ ಎಲ್ಲವೂ ಏರಿರುವಾಗ ಇದು ಸಣ್ಣ ಪ್ರಶ್ನೆಯಲ್ಲ. ನಮ್ಮ ಜಮಾಅತಿನ ಎಷ್ಟೋ ಮನೆಗಳಲ್ಲಿ ತಿಂಗಳ ಕೊನೆಯ ವಾರ ಹೇಗೆ ಸಾಗುತ್ತದೆ ಎಂಬುದು ನಮಗೆಲ್ಲ ಗೊತ್ತು.

ದೀನ್ ಎಂದರೆ ನಮಾಝ್ ಮತ್ತು ಉಪವಾಸ ಮಾತ್ರ, ಬೇಳೆಯ ಬೆಲೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಯಾರೂ ಭಾವಿಸಬಾರದು. ಸೂರಃ ಅಲ್‌ಫುರ್ಕಾನ್‌ನಲ್ಲಿ ಅಲ್ಲಾಹನು ತನ್ನ ನೆಚ್ಚಿನ ದಾಸರ ಗುಣಗಳನ್ನು ವಿವರಿಸುವಾಗ ಅವರ ರಾತ್ರಿಯ ಆರಾಧನೆಯ ಜೊತೆಗೆ ಅವರ ಖರ್ಚಿನ ಬಗೆಯನ್ನೂ ಸೇರಿಸಿದ್ದಾನೆ. ಅವರು ದುಂದು ಮಾಡುವವರಲ್ಲ, ಜಿಪುಣರೂ ಅಲ್ಲ, ನಡುಹಾದಿಯಲ್ಲಿರುವವರು. ಹಾಗಾಗಿ ಕಡಿಮೆ ಬೆಲೆಯ ಒಳ್ಳೆಯ ವಸ್ತುವನ್ನು ಹುಡುಕುವುದು ನಾಚಿಕೆಯ ವಿಷಯವಲ್ಲ. ಒಳ್ಳೆಯ ನಿಯ್ಯತ್ ಇದ್ದರೆ ಅದಕ್ಕೂ ಪ್ರತಿಫಲವಿದೆ.

ಮೊದಲು ಈ ವಸ್ತುಗಳು ಏಕೆ ಅಗ್ಗ ಎಂದು ತಿಳಿಯೋಣ. ಅಮೆಜಾನ್‌ಗೆ ಅಮೆಜಾನ್ ಬೇಸಿಕ್ಸ್, ಸೊಲಿಮೊ ಎಂಬ ಹೆಸರುಗಳಿವೆ. ಫ್ಲಿಪ್‌ಕಾರ್ಟ್‌ಗೆ ಸ್ಮಾರ್ಟ್‌ಬೈ ಇದೆ. 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಿಗ್‌ಬಾಸ್ಕೆಟ್‌ಗೆ ಬಿಬಿ ರಾಯಲ್, ಬಿಬಿ ಪಾಪ್ಯುಲರ್ ಇವೆ. ಸಾಮಾನ್ಯವಾಗಿ ಈ ಕಂಪೆನಿಗಳು ತಾವೇ ಕಾರ್ಖಾನೆ ನಡೆಸುವುದಿಲ್ಲ. ಬೇರೊಬ್ಬರಿಂದ ಮಾಡಿಸಿ ತಮ್ಮ ಹೆಸರು ಹಾಕಿಸುತ್ತವೆ. ಟಿ.ವಿ. ಜಾಹೀರಾತಿನ ಖರ್ಚಿಲ್ಲ, ಸಿನಿಮಾ ತಾರೆಗೆ ಕೊಡುವ ಹಣವಿಲ್ಲ, ನಡುವಿನ ಏಜೆಂಟರ ಪಾಲೂ ಕಡಿಮೆ. ಅಗ್ಗವಾಗಲು ಇದು ಮುಖ್ಯ ಕಾರಣ. ಅಂದರೆ ನಾವು ದೊಡ್ಡ ಬ್ರಾಂಡ್‌ಗೆ ಹೆಚ್ಚು ಕೊಡುವ ಹಣದಲ್ಲಿ ಒಂದು ಭಾಗ ವಸ್ತುವಿಗಲ್ಲ, ಹೆಸರಿಗೆ ಹೋಗುತ್ತದೆ. ಬಚ್ಚಲು ತೊಳೆಯುವ ದ್ರಾವಣದ ಬಾಟಲಿಯ ಮೇಲೆ ಯಾವ ಹೆಸರಿದೆ ಎಂದು ನೋಡಲು ನಮ್ಮ ಮನೆಗೆ ಯಾರೂ ಬರುವುದಿಲ್ಲ. ಅಂತಹ ಕಡೆ ಹೆಸರಿಗೆ ಹಣ ಕೊಡುವ ಅಗತ್ಯವೇನು?

ಆದರೆ ಅಗ್ಗವೆಂದು ಕಂಡದ್ದೆಲ್ಲ ಅಗ್ಗವಲ್ಲ. ಒಂದು ಹದೀಸ್ ನಿಮಗೆ ಗೊತ್ತೇ ಇದೆ. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ಒಂದು ರಾಶಿಯ ಬಳಿ ನಿಂತು ಅದರೊಳಗೆ ಕೈ ಹಾಕಿದರು. ಒಳಗಿನ ಧಾನ್ಯ ಒದ್ದೆಯಾಗಿತ್ತು. ಮಳೆ ಬಿದ್ದಿತ್ತು ಎಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಮೊಬೈಲಿನಲ್ಲಿ ಕೊಳ್ಳುವಾಗ ರಾಶಿಯೊಳಗೆ ಕೈ ಹಾಕಲು ನಮಗೆ ಸಾಧ್ಯವಿಲ್ಲ. ಆದ್ದರಿಂದ ಕಣ್ಣನ್ನೇ ಕೈಯಾಗಿ ಬಳಸಬೇಕು. ಮೂರು ವಿಷಯ ನೋಡಿ.

ಒಂದು, ತೂಕ. ಒಂದು ಬೇಳೆಯ ಪೊಟ್ಟಣ 180 ರೂಪಾಯಿ, ಇನ್ನೊಂದು 165 ರೂಪಾಯಿ ಎಂದಿಟ್ಟುಕೊಳ್ಳಿ. ಎರಡನೆಯದು ಅಗ್ಗ ಎಂದು ಬೆರಳು ಒತ್ತಿಬಿಡುತ್ತೇವೆ. ಆದರೆ ಮೊದಲನೆಯದು 1 ಕಿಲೋ, ಎರಡನೆಯದು 900 ಗ್ರಾಂ ಆಗಿದ್ದರೆ? ಲೆಕ್ಕ ಹಾಕಿದರೆ ಎರಡನೆಯದಕ್ಕೆ ಕಿಲೋಗೆ 183 ರೂಪಾಯಿಗಿಂತ ಹೆಚ್ಚು ಬೀಳುತ್ತದೆ. ಪೊಟ್ಟಣದ ಸರಕುಗಳ ಕುರಿತ 2011ರ ಕೇಂದ್ರ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯಿಂದಾಗಿ ಈಗ ಪೊಟ್ಟಣದ ಮೇಲೆ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಬೆಲೆ ಎಂಬುದನ್ನೂ ಮುದ್ರಿಸಬೇಕು. ಆ ಸಣ್ಣ ಅಕ್ಷರವನ್ನು ಓದಿ.

ಎರಡು, ಅಡ್ಡಗೆರೆ ಎಳೆದ ಬೆಲೆ. 500 ಎಂದು ಬರೆದು, ಅದಕ್ಕೆ ಗೆರೆ ಎಳೆದು, ಪಕ್ಕದಲ್ಲಿ 200 ಎಂದು ತೋರಿಸುತ್ತಾರೆ. 300 ರೂಪಾಯಿ ಉಳಿಯಿತು ಎಂದು ಮನಸ್ಸು ಹಿಗ್ಗುತ್ತದೆ. ಎಂ.ಆರ್.ಪಿ. ಎಂದರೆ ಇದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬ ಮಿತಿ ಮಾತ್ರ. ಆ ವಸ್ತು ಅಷ್ಟು ಬೆಲೆ ಬಾಳುತ್ತದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಸ್ವಂತ ಬ್ರಾಂಡ್ ಆದರೆ ಗೆರೆ ಎಳೆದ ಬೆಲೆಯನ್ನೂ ಅವರೇ ನಿರ್ಧರಿಸಿರುತ್ತಾರೆ. ಹೋಲಿಸುವುದಾದರೆ ನಮ್ಮ ಬೀದಿಯ ಅಂಗಡಿಯಲ್ಲಿ ಅಂಥದ್ದೇ ವಸ್ತು ಇಂದು ಎಷ್ಟಕ್ಕೆ ಸಿಗುತ್ತದೆ ಎಂಬುದರ ಜೊತೆ ಹೋಲಿಸಿ.

ಮೂರು, ಗುರುತುಗಳು. ಆಹಾರದ ಪೊಟ್ಟಣವಾದರೆ ಎಫ್.ಎಸ್.ಎಸ್.ಎ.ಐ.ಯ 14 ಅಂಕಿಗಳ ಪರವಾನಗಿ ಸಂಖ್ಯೆ, ತಯಾರಿಸಿದವರ ವಿಳಾಸ ಮತ್ತು ದಿನಾಂಕ ಇವೆಯೇ ನೋಡಿ. ಬಿಸ್ಕತ್ತು, ಜೆಲ್ಲಿ, ಚಾಕಲೇಟಿನಂತಹ ವಸ್ತುಗಳಾದರೆ ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿಯನ್ನು ಓದಿ, ಹಲಾಲ್ ಎಂದು ಖಾತ್ರಿಪಡಿಸಿಕೊಳ್ಳಿ. ವಿದ್ಯುತ್ ಉಪಕರಣ, ಕುಕ್ಕರ್, ಮಕ್ಕಳ ಆಟಿಕೆಗಳಲ್ಲಿ ಐ.ಎಸ್.ಐ. ಗುರುತು ನೋಡದೆ ಕೊಳ್ಳಬೇಡಿ. ಆಟಿಕೆಗಳಿಗೆ 2021ರ ಜನವರಿ 1ರಿಂದ ಇದು ಕಡ್ಡಾಯ. ದೊಡ್ಡ ಕಂಪೆನಿಯ ಆ್ಯಪ್‌ನಲ್ಲಿದೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಗಿಯೇ ಇರುತ್ತದೆ ಎನ್ನುವಂತಿಲ್ಲ. ನಿಗದಿತ ಗುಣಮಟ್ಟವಿಲ್ಲದ ಪ್ರೆಶರ್ ಕುಕ್ಕರ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟದ್ದಕ್ಕಾಗಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗೆ ತಲಾ 1 ಲಕ್ಷ ರೂಪಾಯಿ ದಂಡ ವಿಧಿಸಿತ್ತು. ಕುಕ್ಕರ್ ಸಿಡಿದರೆ ಉಳಿಸಿದ 200 ರೂಪಾಯಿಯಿಂದ ಏನು ಪ್ರಯೋಜನ? ಮೋಸ ಹೋದರೆ ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ.

ಸಕ್ಕರೆ, ಬೇಳೆ, ಜೀರಿಗೆ, ನೆಲ ಒರೆಸುವ ದ್ರಾವಣ, ಕಸದ ಚೀಲ, ಟವೆಲು ಇಂಥವುಗಳಲ್ಲಿ ಸ್ವಂತ ಬ್ರಾಂಡ್‌ನಿಂದ ಒಂದಿಷ್ಟು ಉಳಿಯಬಹುದು. ಮೊದಲ ಸಲ ಸಣ್ಣ ಪೊಟ್ಟಣ ತರಿಸಿ ನೋಡಿ. ಬೇಳೆ ಬೇಗ ಬೇಯದಿದ್ದರೆ ಗ್ಯಾಸಿಗೆ ಹೋಗುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು. ಈ ವಿಷಯದಲ್ಲಿ ನಮಗಿಂತ ನಮ್ಮ ಮನೆಯ ಹೆಂಗಸರೇ ಬಲ್ಲವರು. ಅವರನ್ನು ಕೇಳದೆ ಐದು ಕಿಲೋ ತರಿಸುವ ಗಂಡಸರು ಈ ಮಾತನ್ನು ನೆನಪಿಡಲಿ.

ಸಹೋದರರೇ, ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೀಗೆಲ್ಲ ನೋಡಿ ಕೊಂಡು ತಿಂಗಳಿಗೆ 400 ರೂಪಾಯಿ ಉಳಿಸಿದಿರಿ ಎಂದಿಟ್ಟುಕೊಳ್ಳೋಣ. ಆ 400 ರೂಪಾಯಿ ಎಲ್ಲಿದೆ? ತೋರಿಸಲು ಸಾಧ್ಯವೇ? ಅನೇಕ ಮನೆಗಳಲ್ಲಿ ಸಾಧ್ಯವಾಗುವುದಿಲ್ಲ. ಬೇಕಾದದ್ದು 140 ರೂಪಾಯಿಯ ಸಾಮಾನು. ಡೆಲಿವರಿಗೆ 40 ರೂಪಾಯಿ ಕೊಡಬೇಕಾಗುತ್ತದೆ ಎಂದು ಇನ್ನೂ 360 ರೂಪಾಯಿಯ ಬೇಡದ ಸಾಮಾನು ಸೇರಿಸಿ 500 ಮಾಡುತ್ತೇವೆ. 40 ಉಳಿಸಲು 360 ಕಳೆದೆವು. ಅಗ್ಗವಾಗಿದೆ ಎಂದು ಒಂದರ ಬದಲು ಮೂರು ಟವೆಲು ತರಿಸುತ್ತೇವೆ. ಕೈಯಲ್ಲಿ ಹಣವಿಲ್ಲದಿದ್ದರೂ ಪರವಾಗಿಲ್ಲ, ಈಗ ಕೊಂಡು ಆಮೇಲೆ ಕೊಡಿ ಎನ್ನುತ್ತಾರೆ. ಗಡುವು ತಪ್ಪಿದರೆ ದಂಡ, ಕೆಲವು ಕಡೆ ಬಡ್ಡಿಯೂ ಬಂದು ಸೇರುತ್ತದೆ. ಸಕ್ಕರೆಯಲ್ಲಿ 10 ರೂಪಾಯಿ ಉಳಿಸಲು ಹೋಗಿ ಬಡ್ಡಿಯ ಬಾಗಿಲಲ್ಲಿ ನಿಲ್ಲುವುದು ಮುಸ್ಲಿಮನಿಗೆ ತಕ್ಕುದಲ್ಲ.

ಇಮಾಮ್ ಮಾಲಿಕ್(ರಹ್ಮತುಲ್ಲಾಹಿ ಅಲೈಹಿ)ರ ಮುವತ್ತಾ ಗ್ರಂಥದಲ್ಲಿ ಒಂದು ಘಟನೆಯಿದೆ. ಜಾಬಿರ್(ರ) ಮಾಂಸ ಹೊತ್ತು ಹೋಗುತ್ತಿದ್ದರು. ಅದೇನೆಂದು ಹಝ್ರತ್ ಉಮರ್(ರ) ವಿಚಾರಿಸಿದರು. ಮಾಂಸ ತಿನ್ನಬೇಕೆಂದು ಆಸೆಯಾಯಿತು, ಒಂದು ದಿರ್ಹಮ್‌ನದು ಕೊಂಡೆ ಎಂದು ಜಾಬಿರ್ ಹೇಳಿದರು. ನೆರೆಯವನಿಗಾಗಿ, ಬಂಧುವಿಗಾಗಿ ತನ್ನ ಹೊಟ್ಟೆಯ ಆಸೆಯನ್ನು ಸ್ವಲ್ಪ ತಡೆದುಕೊಳ್ಳಬಾರದೇ ಎಂಬ ಅರ್ಥದಲ್ಲಿ ಉಮರ್(ರ) ಪ್ರಶ್ನಿಸಿದರು. ಮಾಂಸ ಹಲಾಲ್. ಬೆಲೆಯೂ ಒಂದೇ ದಿರ್ಹಮ್. ಕೊಂಡವರು ಪ್ರವಾದಿ(ಸ)ರ ಸಂಗಾತಿ. ಹಾಗಿದ್ದರೂ ಉಮರ್(ರ) ತಡೆದು ಕೇಳಿದರು. ಆಸೆಯಾದದ್ದನ್ನೆಲ್ಲ ಕೊಳ್ಳುವ ಅಭ್ಯಾಸ ಒಂದು ಕಡೆ, ಪಕ್ಕದ ಮನೆಯ ಹಸಿವು ಇನ್ನೊಂದು ಕಡೆ. ಇವೆರಡರ ನಡುವಿನ ಸಂಬಂಧವನ್ನು ಅವರು ಕಂಡಿದ್ದರು. ನಮ್ಮ ಮೊಬೈಲು ನಮ್ಮ ಆಸೆಯನ್ನು ತೋರಿಸುತ್ತದೆ, ನೆರೆಮನೆಯನ್ನು ತೋರಿಸುವುದಿಲ್ಲ.

ನೆರೆಯವರ ಮಾತು ಬಂದಾಗ ನಮ್ಮ ಬೀದಿಯ ದಿನಸಿ ಅಂಗಡಿಯನ್ನು ಮರೆಯಬಾರದು. 2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಕೂಲಿ ನಿಂತಿತ್ತು, ಗಲ್ಫಿನಿಂದ ಹಣ ಬರುವುದು ತಡವಾಗಿತ್ತು. ಆಗ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಅಂಗಡಿಯವರ ಸಾಲದ ಪುಸ್ತಕದಿಂದ. ಆ ಪುಸ್ತಕ ಇಂದಿಗೂ ಇದೆ. ವಿಧವೆಯೊಬ್ಬಳು, ಕೆಲಸ ಕಳೆದುಕೊಂಡ ಯುವಕನೊಬ್ಬ, ದಿನಗೂಲಿಯವನೊಬ್ಬ ಅದರಲ್ಲಿ ಬರೆಸಿ ಅಕ್ಕಿ ಒಯ್ಯುತ್ತಾರೆ. ಬಡ್ಡಿಯಿಲ್ಲ, ಕಾಗದಪತ್ರವಿಲ್ಲ. ಅಂಗಡಿಯವರು ಸಾಲ ಕೊಡಲು ಸಾಧ್ಯವಾಗುವುದು ನಗದು ಕೊಡುವ ಗಿರಾಕಿಗಳೂ ಬರುವುದರಿಂದ. ಕೈಯಲ್ಲಿ ಹಣವಿರುವ ನಾವೆಲ್ಲರೂ ಎಲ್ಲ ಸಾಮಾನನ್ನೂ ಮೊಬೈಲಿನಲ್ಲೇ ತರಿಸಿದರೆ ಅಂಗಡಿಗೆ ಉಳಿಯುವುದು ಸಾಲದ ಗಿರಾಕಿಗಳು ಮಾತ್ರ. ಅಂತಹ ಅಂಗಡಿ ಎಷ್ಟು ದಿನ ನಡೆದೀತು? ಅದು ಮುಚ್ಚಿದ ದಿನ ನಮಗೆ ಏನೂ ಆಗುವುದಿಲ್ಲ, ಆ ವಿಧವೆಗೆ ಆಗುತ್ತದೆ.

ಹಾಗೆಂದು ಹೆಚ್ಚು ಬೆಲೆ ಕೊಟ್ಟು ಎಲ್ಲವನ್ನೂ ಅಲ್ಲೇ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಬಡವನಿಗೆ ಅಗ್ಗವಾಗಿ ಸಿಗುವಲ್ಲಿ ಕೊಳ್ಳುವ ಹಕ್ಕಿದೆ. ಅನುಕೂಲವಿರುವವರು ಹಂಚಿಕೊಳ್ಳಲಿ. ತಿಂಗಳಿಗೊಮ್ಮೆ ತರಿಸುವ ಕೆಲವು ವಸ್ತುಗಳಲ್ಲಿ ಉಳಿತಾಯ ಸ್ಪಷ್ಟವಾಗಿದ್ದರೆ ಆನ್‌ಲೈನಿನಲ್ಲಿ ತರಿಸಲಿ. ದಿನದ ಅಕ್ಕಿ, ಎಣ್ಣೆ, ಮೊಟ್ಟೆಗೆ ಬೀದಿಯ ಅಂಗಡಿಗೆ ಹೋಗಲಿ, ನಗದು ಕೊಡಲಿ. ಅಂಗಡಿ ಇಟ್ಟಿರುವ ಸಹೋದರರಿಗೂ ಒಂದು ಮಾತು. ತೂಕ ಸರಿಯಿರಲಿ, ಹಳೆಯ ಸಾಮಾನನ್ನು ಹೊಸದರೊಳಗೆ ಬೆರೆಸಬೇಡಿ, ಬೆಲೆಯನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿ. ಗಿರಾಕಿ ಮೊಬೈಲಿನ ಕಡೆ ಹೋಗಲು ಕೆಲವೊಮ್ಮೆ ನಾವೇ ದಾರಿ ಮಾಡಿಕೊಡುತ್ತೇವೆ.

ಕೊಳ್ಳುವವರಿಗೂ ಒಂದು ಎಚ್ಚರಿಕೆ ಇದೆ. ಸೂರಃ ಅಲ್‌ಮುತಫ್ಫಿಫೀನ್ ಅನ್ನು ನಾವು ವ್ಯಾಪಾರಿಗಳಿಗೆ ಓದಿ ಹೇಳುತ್ತೇವೆ. ತೆಗೆದುಕೊಳ್ಳುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರಿಗೆ ಅದರಲ್ಲಿ ವಿನಾಶದ ಎಚ್ಚರಿಕೆಯಿದೆ. ಈದ್ ದಿನ ಹೊಸ ಬಟ್ಟೆ ಉಟ್ಟು, ಮರುದಿನ ಅಳತೆ ಸರಿಯಿಲ್ಲ ಎಂದು ವಾಪಸು ಕಳಿಸುವವರಿದ್ದಾರೆ. ಅರ್ಧ ಬಳಸಿದ ವಸ್ತು ಕೆಟ್ಟಿದೆ ಎಂದು ಹಣ ಮರಳಿ ಪಡೆಯುವವರಿದ್ದಾರೆ. ಎದುರಿಗೆ ದೊಡ್ಡ ಕಂಪೆನಿ ಇದೆ, ಅವರಿಗೇನು ನಷ್ಟ ಎನ್ನುತ್ತಾರೆ. ಸುಳ್ಳಿಗೆ ಎದುರಿನವನ ಗಾತ್ರದ ಲೆಕ್ಕವಿಲ್ಲ. ಆ ಹಣ ಉಳಿತಾಯವಲ್ಲ, ಹರಾಮ್.

ಕೊನೆಯದಾಗಿ ಒಂದು ಸುಲಭ ಕೆಲಸ ಹೇಳುತ್ತೇನೆ. ಇಂದೇ ಮನೆಯಲ್ಲಿ ಒಂದು ಡಬ್ಬಿ ಇಡಿ. ಅಗ್ಗದ ವಸ್ತು ಕೊಂಡು 20 ರೂಪಾಯಿ ಉಳಿಸಿದರೆ ಆ 20 ರೂಪಾಯಿಯನ್ನು ಅಂದೇ ಅದರೊಳಗೆ ಹಾಕಿ. ಹಾಕಲು ಹಣವಿಲ್ಲದಿದ್ದರೆ ನೀವು ಉಳಿಸಿಲ್ಲ ಎಂದು ಅರ್ಥ. ತಿಂಗಳ ಕೊನೆಯಲ್ಲಿ ಮಕ್ಕಳ ಎದುರೇ ಎಣಿಸಿ. ಸಾಲವಿದ್ದರೆ ಮೊದಲು ಸಾಲಕ್ಕೆ ಕೊಡಿ. ಇಲ್ಲದಿದ್ದರೆ ಮಕ್ಕಳ ಫೀಸಿಗೆ ತೆಗೆದಿಡಿ. ಅದರಲ್ಲಿ ಸಣ್ಣದೊಂದು ಪಾಲು ನೆರೆಯವರಿಗಿರಲಿ. ಬೀದಿಯ ಅಂಗಡಿಗೆ ಹೋಗಿ, ಸಾಲದ ಪುಸ್ತಕದಲ್ಲಿ ಯಾರದ್ದಾದರೂ ಬಾಕಿಯಿಂದ ಇಷ್ಟನ್ನು ಕಳೆಯಿರಿ, ನನ್ನ ಹೆಸರು ಹೇಳಬೇಡಿ ಎಂದು ಕೊಟ್ಟು ಬನ್ನಿ. 50 ರೂಪಾಯಿ ಆದರೂ ಸಾಕು. ಅದು ಗುಪ್ತ ಸದಕಾ.

ಅಲ್ಲಾಹನು ನಮ್ಮ ಸಂಪಾದನೆಯಲ್ಲಿ ಬರಕತ್ ನೀಡಲಿ. ದುಂದುಗಾರಿಕೆಯಿಂದಲೂ ಜಿಪುಣತನದಿಂದಲೂ ಬಡ್ಡಿಯಿಂದಲೂ ನಮ್ಮ ಮನೆಗಳನ್ನು ಕಾಪಾಡಲಿ. ಸಾಲದ ಭಾರ ಹೊತ್ತವರ ಭಾರವನ್ನು ಇಳಿಸಲಿ. ನೆರೆಯವರ ಹಕ್ಕನ್ನು ಅರಿತು ಬಾಳುವ ತೌಫೀಕ್ ನಮಗೆಲ್ಲರಿಗೂ ಕರುಣಿಸಲಿ. ಆಮೀನ್.