ಮನೆಗೂ ಬರಲಿ ಕನ್ನಡ ವಾರ್ತೆ



ನಮ್ಮ ಮಡಕಶಿರ, ರಾಯದುರ್ಗಗಳು 1953ರಲ್ಲಿ ಆಂಧ್ರ ರಾಜ್ಯದ ಪಾಲಾದವು. ಹಲವು ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. 1994ರಲ್ಲಿ ಉದಯ ಟಿವಿ ಉಪಗ್ರಹದ ಮೂಲಕ ಬಂದಾಗ ಕನ್ನಡ ಪ್ರಸಾರಕ್ಕೆ ಗಡಿಯೇ ಇಲ್ಲದಾಯಿತು. ಆದರೆ ಯಾವ ವಾಹಿನಿ ಕೊಡಬೇಕೆಂಬುದು ಕೇಬಲ್‌ನವರ ಕೈಯಲ್ಲಿತ್ತು. 2019ರಲ್ಲಿ ಟ್ರಾಯ್ ನಿಯಮ ಜಾರಿಗೆ ಬಂದ ಮೇಲೆ, ಬೇಕಾದ ವಾಹಿನಿಯನ್ನು ಬಿಡಿಯಾಗಿ ಆರಿಸುವ ಹಕ್ಕು ನಮ್ಮದು. ನಾವು ಕೇಳದಿದ್ದರೆ ಅವರು ಕಟ್ಟಿಕೊಟ್ಟ ಕಂತೆಯೇ ಗತಿ. ತಿಂಗಳ ಶುಲ್ಕ ಭಾರವಾದರೆ ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಉಚಿತ.

ತೆಲುಗು ವಾರ್ತೆಯನ್ನೂ ನೋಡೋಣ; ನಮ್ಮ ಸರ್ಕಾರದ ಸುದ್ದಿ ಅದರಲ್ಲಿದೆ. ಆದರೆ ‘ಅಂತರ್ಜಲ’, ‘ಶಾಸಕಾಂಗ’ ಎಂದು ಪಾಠದಲ್ಲಿ ಓದುವ ಮಗು ಆ ಪದಗಳನ್ನು ಮನೆಯಲ್ಲೂ ಕೇಳಬೇಡವೇ? ಕೇಳಿದರೆ ಪರೀಕ್ಷೆಯ ಪದ ಬದುಕಿನ ಮಾತಾದೀತು. ದಿನಕ್ಕೆ ಅರ್ಧ ಗಂಟೆ ಮಕ್ಕಳೊಡನೆ ಕುಳಿತು ಕನ್ನಡ ವಾರ್ತೆ ನೋಡಿ.